ಅಂಡರ್‌ಪಿನ್ನಿಂಗ್: ನಿಂತ ಮನೆಗೆ ಆಳದ ಪಾಯಾ

ಗೋಡೆ ನಿಂತ ಹಾಗೇ ನಿಂತಿರಬೇಕು, ಅದರ ಪಾಯಾದ ಅಡಿಯ ಮಣ್ಣನ್ನು ತುಸುತುಸುವೇ ತೆಗೆದು ಆಳದ ಗಟ್ಟಿ ನೆಲದವರೆಗೆ ಹೊಸ ಕಾಂಕ್ರೀಟು ಕೂರಿಸಬೇಕು. ಈ ಕೆಲಸಕ್ಕೆ ಅಂಡರ್‌ಪಿನ್ನಿಂಗ್ ಎನ್ನುತ್ತಾರೆ. ಜ್ಯಾಕು ಕೊಟ್ಟು ಮನೆ ಎತ್ತುವುದು ಬೇರೆ. ಅಲ್ಲಿ ಮನೆ ಮೇಲೇರುತ್ತದೆ, ಇಲ್ಲಿ ಪಾಯಾ ಕೆಳಗಿಳಿಯುತ್ತದೆ. ಬಿರುಕಿಗೆ ಸಿಮೆಂಟು ಮೆತ್ತುವುದಂತೂ ಇದರ ಹತ್ತಿರಕ್ಕೂ ಬರುವುದಿಲ್ಲ.

ನಮ್ಮ ಕಡೆ ಈ ಮಾತು ಏಳುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ವಿಜಯಪುರ, ಬಾಗಲಕೋಟೆಯ ಎರೆಮಣ್ಣು. ಇನ್ನೊಂದು, ಹಳೆ ವಾಡೆಗಳ ನೆಲಮನೆ. ಕಾಳು ತುಂಬಿಡುತ್ತಿದ್ದ, ತಲೆಗೆ ತೊಲೆ ಬಡಿಯುವ ಆ ಕೋಣೆಯನ್ನು ಎರಡಡಿ ತಗ್ಗಿಸಿ ಮಕ್ಕಳ ಓದಿಗೋ ಅಂಗಡಿಗೋ ಬಳಸುವ ಆಸೆ ಯಾರಿಗಿಲ್ಲ? ಆದರೆ ನೆಲ ಪಾಯಾಕ್ಕಿಂತ ಕೆಳಗೆ ಹೋಯಿತೆಂದರೆ ಗೋಡೆಯ ಅಡಿಯ ಮಣ್ಣಿಗೆ ಪಕ್ಕದ ಒತ್ತಾಸೆ ತಪ್ಪುತ್ತದೆ. ಎರಡೂವರೆ ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ ಅಂಚಿನ ಮೇಲೆ ನಿಂತಂತಾಗುತ್ತದೆ.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಈ ಹಿಗ್ಗುಕುಗ್ಗು ಸುಮಾರು 3.5 ಮೀಟರ್ ಆಳದವರೆಗೂ ಇರುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಮೂರಡಿ ಪಾಯಾದ ಮನೆ ಅದರ ಜೊತೆ ಏರಿಳಿಯದೆ ಏನು ಮಾಡೀತು? ಖಾನಾಪುರದ ಕಡೆಯ ಕೆಂಪು ಜಂಬಿಟ್ಟಿಗೆ ನೆಲಕ್ಕೆ ಈ ಚಾಳಿ ಇಲ್ಲ, ಅಲ್ಲಿ ಕಾಟ ಕೊಡುವುದು ಮಳೆನೀರು. 1656ರ ಹೊತ್ತಿಗೆ ಎದ್ದ ಗೋಲಗುಮ್ಮಟ ಅಷ್ಟು ಭಾರ ಹೊತ್ತೂ ಒಂದು ಕಡೆ ವಾಲದೆ ಉಳಿದದ್ದಕ್ಕೆ ಅದರ ಪಾಯಾ ಬಂಡೆಯ ಮೇಲೆ ಕೂತಿರುವುದೇ ದೊಡ್ಡ ಕಾರಣ.

ಅದಕ್ಕೇ ಸಲಿಕೆ ಹಿಡಿಯುವ ಮುಂಚೆ ಬಿರುಕನ್ನು ಓದಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಒಂದು ತುದಿ ಅಗಲ ಇನ್ನೊಂದು ತುದಿ ಸಣ್ಣ ಇದ್ದರೆ ಪಾಯಾ ಒಂದು ಕಡೆ ಜಗ್ಗಿರುವ ಸಂಶಯ ಪಡಬೇಕು. ಬಿರುಕಿನ ಅಡ್ಡಕ್ಕೆ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದಿಡಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ. ಎರೆನೆಲದಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಕಾಯಬೇಕು. ಅಷ್ಟರೊಳಗೆ ಬಚ್ಚಲ ನೀರನ್ನು ದೂರ ಹಾಯಿಸಿ, ಸೋರುವ ನಳ ಬದಲಿಸಿ, ಗೋಡೆಯ ಬದಿಯ ದೊಡ್ಡ ಮರದ ವಿಚಾರ ಮಾಡಿ. ಎಷ್ಟೋ ಮನೆಗಳ ರೋಗ ಅಲ್ಲಿಗೇ ಹತೋಟಿಗೆ ಬರುತ್ತದೆ ಎಂಬುದು ನನ್ನ ಅನಿಸಿಕೆ.

ಇಷ್ಟಾದ ಮೇಲೂ ಅಂಡರ್‌ಪಿನ್ನಿಂಗ್ ಬೇಕೇ ಬೇಕೆಂದರೆ, ಅದರ ಜೀವ ಇರುವುದು ಸರದಿಯಲ್ಲಿ. ಇಪ್ಪತ್ತಡಿ ಗೋಡೆಯನ್ನು ನಾಲ್ಕಡಿಯ ಐದು ಭಾಗ ಮಾಡಿದಿರಿ ಅನ್ನಿ. ಮೊದಲು ಒಂದನೆಯದು, ಆಮೇಲೆ ಮೂರು, ಐದು, ಎರಡು, ನಾಲ್ಕು. ಒಂದು ಸಲಕ್ಕೆ ಒಂದೇ ಗುಂಡಿ. ಅಕ್ಕಪಕ್ಕದ ಎರಡು ಗುಂಡಿ ಒಟ್ಟಿಗೆ ತೆರೆಯಲೇಬಾರದು. ಹಳೆ ಪಾಯಾದ ತಳಕ್ಕೆ ಎರಡು ಮೂರು ಇಂಚು ಸಂದು ಉಳಿಸಿ ಕಾಂಕ್ರೀಟು ತುಂಬಿ, ಅದು ಗಟ್ಟಿಯಾದ ಮೇಲೆ, ಒಂದು ಪಾಲು ಸಿಮೆಂಟು, ಮೂರು ಪಾಲು ಉಸುಕಿನ ಅರೆತೇವದ ಮಾಲನ್ನು ಆ ಸಂದಿಗೆ ಕುಟ್ಟಿ ಕುಟ್ಟಿ ತುಂಬುತ್ತಾರೆ. ಒಂದೇ ಏಟಿಗೆ ಮೇಲಿನವರೆಗೆ ಸುರಿದರೆ ಕಾಂಕ್ರೀಟು ಕುಗ್ಗಿ ನಡುವೆ ಪೊಳ್ಳು ಉಳಿಯುತ್ತದೆ, ಗೋಡೆಯ ಭಾರ ಹೊಸ ಪಾಯಾಕ್ಕೆ ಇಳಿಯುವುದೇ ಇಲ್ಲ. ಗೌಂಡಿಗಳಿಗೆ ಬೇಸರ ತರುವ ಹಂತವೂ ಇದೇ, ಮೈಮೇಲೆ ನಿಂತು ಮಾಡಿಸಬೇಕಾದದ್ದೂ ಇದನ್ನೇ.

ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆ ಪಾಯಾದಲ್ಲಿ ಇನ್ನೊಂದು ಅಪಾಯವಿದೆ. ಅಡಿ ಖಾಲಿಯಾದರೆ ಗುಂಡುಗಲ್ಲುಗಳು ಒಂದೊಂದೇ ಕಳಚಿ ಬೀಳುತ್ತವೆ. ನೀರಿದ್ದರಂತೂ ಕೇಳುವುದೇ ಬೇಡ. ಪಂಪು ಹಚ್ಚಿ ನೀರೆತ್ತಿದಾಗ ಪಾಯಾದಡಿಯ ನುಣ್ಣನೆ ಮಣ್ಣೂ ಅದರ ಜೊತೆ ಹೊರಟು ಬರಬಹುದು. ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್ ಎಂಬ ಹಳೆ ದೊಡ್ಡ ಚರ್ಚಿನಲ್ಲಿ ಇದೇ ಭಯಕ್ಕೆ ನೀರೆತ್ತದೆ, ವಿಲಿಯಂ ವಾಕರ್ ಎಂಬ ಮುಳುಗುಗಾರ 1906ರಿಂದ 1911ರವರೆಗೆ ಕತ್ತಲ ನೀರೊಳಗೇ ಚೀಲಗಟ್ಟಲೆ ಕಾಂಕ್ರೀಟು ಇಟ್ಟು ಬಂದ. ಆಲಮಟ್ಟಿ ಹಿನ್ನೀರಿನ ದಂಡೆಯ ಬಾಗಲಕೋಟೆಯವರು ಅಗೆಯುವ ಮುಂಚೆ ಜಲಾಶಯ ತುಂಬಿದ ತಿಂಗಳಲ್ಲಿ ಹತ್ತಿರದ ಬಾವಿಯ ನೀರು ಎಲ್ಲಿಗೆ ಬರುತ್ತದೆ ನೋಡಿಕೊಳ್ಳಬೇಕು.

ಹಾಗಾದರೆ ನಾವೇ ಮಾಡಿಕೊಳ್ಳಬಹುದೆ? ಪಾಯಾದ ಅಡಿ ಅಗೆಯುವುದು ಬೇಡ. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ನಕ್ಷೆ ಬೇಕು, ಗೋಡೆ ಜೋಡುಗೋಡೆಯಾದರೆ ಪಕ್ಕದ ಮನೆಯವರ ಒಪ್ಪಿಗೆಯೂ ಬೇಕು. ಒಂದೂವರೆ ಮೀಟರಿಗಿಂತ ಆಳದ ಗುಂಡಿಗೆ ಪಕ್ಕದ ಆಸರೆ ಇಲ್ಲದೆ ಇಳಿಯಬಾರದು. ಒಣಗಿದ ಎರೆ ಗೋಡೆಯಂತೆ ಕಾಣುತ್ತದೆ, ಒಂದು ಮಳೆಗೆ ಕುಸಿಯುತ್ತದೆ.

ಮಣ್ಣು ಹೊರುವುದು ನಿಮ್ಮ ಕೆಲಸವೇ. ಹತ್ತು-ಹನ್ನೆರಡರ ಕೋಣೆಯನ್ನು ಎರಡಡಿ ತಗ್ಗಿಸಿದರೆ 240 ಘನ ಅಡಿ. ಅಗೆದ ಮಣ್ಣು ಅರಳುವುದರಿಂದ ಹೊರಗೆ ಬೀಳುವುದು ಸುಮಾರು ಮೂರು ಬ್ರಾಸ್ (ನೂರು ಘನ ಅಡಿಗೆ ಒಂದು ಬ್ರಾಸ್). ನೆಲಕ್ಕೆ ಗರಸು ತುಂಬಿ ಬಡಿದು, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಕಾಂಕ್ರೀಟು ಹಾಕಿ, ಮೇಲೆ ಶಹಾಬಾದ್ ಫರಸಿ ಕೂರಿಸುವುದೂ ಕೈಲಾಗುವಂಥದ್ದು. ಗೋಡೆಗೆ ಮಾತ್ರ ಸಿಮೆಂಟು ಗಿಲಾವು ಬೇಡ, ಸುಣ್ಣದ್ದು ಮಾಡಿ. ಕಲ್ಲುಮಣ್ಣಿನ ಗೋಡೆಯ ತೇವ ಸಿಮೆಂಟಿನ ಹಿಂದೆ ಸಿಕ್ಕಿಕೊಂಡು ಸವಳು ಉಬ್ಬುತ್ತದೆ.

ಕೋಣೆ ದೊಡ್ಡದಿದ್ದರೆ ಪಾಯಾ ಮುಟ್ಟದ ದಾರಿಯೂ ಉಂಟು. ಗೋಡೆಯಿಂದ ಒಳಗೆ ಇಳಿಜಾರಾಗಿ ಮಣ್ಣು ಉಳಿಸಿ, ನಡುವಷ್ಟೇ ತಗ್ಗಿಸಿ, ಸುತ್ತಲೂ ಕಾಂಕ್ರೀಟಿನ ಕಟ್ಟಿ ಕಟ್ಟುವುದು. ಎಷ್ಟು ತಗ್ಗಿಸುತ್ತೀರೋ ಕಟ್ಟಿಯೂ ಹತ್ತಿರ ಹತ್ತಿರ ಅಷ್ಟೇ ಅಗಲ ಬೇಕು. ಜಾಗ ಹೋಯಿತೆಂದು ಮನೆಯವರು ಗೊಣಗಬಹುದು, ಆದರೆ ಕೂರಲು ಕಟ್ಟಿ ಬೇಡವೆನ್ನುವವರು ನಮ್ಮ ಕಡೆ ಕಡಿಮೆ.