ಎಷ್ಟು ಗ್ಯಾಸು ಅಂತಲ್ಲ, ಎಂಥ ಮಣ್ಣು ಅಂತ ಕೇಳಿ

ಸಮುದ್ರದ ತಳದ ಮೀಥೇನ್ ಹೈಡ್ರೇಟ್ (ಮೀಥೇನ್ ಗ್ಯಾಸನ್ನು ಒಳಗೆ ಹಿಡಿದಿಟ್ಟುಕೊಂಡ, ಮಂಜುಗಡ್ಡೆಯಂಥ ವಸ್ತು) ಬಗ್ಗೆ ಪೇಪರಿನಲ್ಲಿ ಸುದ್ದಿ ಬಂದರೆ ಸಾಕು, ದಾವಣಗೆರೆಯ ನನ್ನ ಮಣ್ಣು ಪರೀಕ್ಷೆ ಲ್ಯಾಬಿಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಸಾರ್, ಅಲ್ಲಿ ಎಷ್ಟು ಗ್ಯಾಸಿದೆ?" ಎಂಥ ಮಣ್ಣಲ್ಲಿದೆ ಅಂತ ಕೇಳಿದವರು ಒಬ್ಬರೇ. ಅವರ ಕಥೆ ಆಮೇಲೆ.

ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ ಸುಮಾರು 164 ಘನ ಮೀಟರ್ ಮೀಥೇನ್. ಲೆಕ್ಕ ಸರಿ. ಆದರೆ ಅದು ಅಪ್ಪಟ ಹೈಡ್ರೇಟಿನದು. ತಳದಲ್ಲಿ ಅದು ಮಣ್ಣಿನೊಳಗೆ ಕೂತಿರುತ್ತದೆ. ಮರಳಾದರೆ ಕಾಳುಗಳ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ಒತ್ತಡ ಇಳಿಸಿ ಕರಗಿಸಿದರೆ ಗ್ಯಾಸು, ನೀರು ಹರಿದು ಬರಲು ದಾರಿ ಇರುತ್ತದೆ. ಜೇಡಿಯಲ್ಲಿ ಸಂದಿಗಳು ತೀರಾ ಸಣ್ಣವು. ಅಲ್ಲಿ ಹೈಡ್ರೇಟ್ ಮಣ್ಣನ್ನೇ ಸೀಳಿಕೊಂಡು ಬಿಳಿ ಎಳೆಗಳಾಗಿ, ಗಂಟುಗಳಾಗಿ ಬೆಳೆಯುತ್ತದೆ. ಕರಗಿದ ಮೇಲೆ ಜೇಡಿ ಮೆತ್ತಗಾಗಿ ದಾರಿ ಮುಚ್ಚಲೂಬಹುದು.

2006ರಲ್ಲಿ ಆಂಧ್ರ ಕರಾವಳಿಯಾಚೆಯ ಕೃಷ್ಣಾ-ಗೋದಾವರಿ ಕಡಲಲ್ಲಿ ಒಂದು ಕಡೆ ಸುಮಾರು 128 ಮೀಟರ್ ದಪ್ಪದ ಹೈಡ್ರೇಟ್ ಪದರ ಸಿಕ್ಕಿತು. ಬಿರುಕು ಬಿಟ್ಟ ಜೇಡಿಮಣ್ಣಲ್ಲಿ! ಹೈಡ್ರೇಟ್ ಕರೆಂಟ್ ಹರಿಯಲು ಬಿಡುವುದಿಲ್ಲ. ಎಷ್ಟು ಹೈಡ್ರೇಟ್ ಇದೆ ಅಂತ ಲೆಕ್ಕ ಹಾಕಲು ಆ ತಡೆಯನ್ನು ಅಳೆದು, ಎಲ್ಲ ಸಂದಿಗಳಲ್ಲೂ ಸಮನಾಗಿ ತುಂಬಿದೆ ಅಂದುಕೊಂಡರೆ ಭಾರಿ ಅಂಕಿ ಬರುತ್ತದೆ. ಕಡಿದಾದ ಬಿರುಕಲ್ಲಿ ಗೋಡೆಯಂತೆ ನಿಂತ ಹೈಡ್ರೇಟ್ ತಡೆಯನ್ನು ಜಾಸ್ತಿ ತೋರಿಸುತ್ತದೆ, ಅಲ್ವಾ? ಒತ್ತಡ ಕಾಪಾಡಿಕೊಂಡೇ ಮೇಲೆತ್ತಿದ ಮಾದರಿಗಳಲ್ಲಿ ಸಿಕ್ಕಿದ್ದು ಹೆಚ್ಚೆಂದರೆ ಸಂದಿಗಳ ಕಾಲು ಭಾಗದ ಆಸುಪಾಸು. ಸುಮ್ನೆ ಪದರದ ದಪ್ಪ ನೋಡಿ ಖುಷಿಪಡಬೇಡಿ.

ಆ ಜೇಡಿಯಲ್ಲಿ ಸ್ಮೆಕ್ಟೈಟ್ ಎಂಬ ಖನಿಜ ಬೇಕಾದಷ್ಟಿದೆ. ದಖ್ಖನ್‌ನ ಕಪ್ಪು ಬಂಡೆ ಸವೆದು ನದಿಗಳಲ್ಲಿ ಹೋಗಿದ್ದು. ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುವುದೂ ಇದರಿಂದಲೇ. ಎರೆ ಹೊಲದಲ್ಲಿ ಮನೆ ಕಟ್ಟಿ, ಗೋಡೆ ಬಿರಿದಾಗ ಸಿಮೆಂಟಿಗೆ ಬೈದವರನ್ನು ಎಷ್ಟು ನೋಡಿಲ್ಲ ನಾನು! ಹಾಗಂತ ಅಲ್ಲಿಂದ ಗ್ಯಾಸೇ ಬರಲ್ಲ ಅಂತ ನಾನು ಹೇಳುತ್ತಿಲ್ಲ. 2015ರಲ್ಲಿ ಅದೇ ಕಡಲಲ್ಲಿ ಮರಳಿನ ಪದರಗಳಲ್ಲೂ ಹೈಡ್ರೇಟ್ ಸಿಕ್ಕಿದೆ. ನನಗೆ ಆಸೆ ಇರುವುದು ಅದರ ಮೇಲೆ.

ಆ ಒಬ್ಬರು ಚಿತ್ರದುರ್ಗದ ಕಡೆಯ ಬೋರ್‌ವೆಲ್ ರಿಗ್ ಮಾಲೀಕರು. ಮಣ್ಣು ಎಂಥದ್ದು ಅಂತ ಕೇಳಿದರು. ನನಗೆ ಆಸೆ ಇರುವ ಕಡೆ ಮರಳು ಅಂದೆ. "ಮರಳಾದ್ರೆ ಸೈಡ್ ಕುಸಿದು ಬೋರೊಳಗೆ ಬರಲ್ವಾ ಸಾರ್?" ಖುಷಿಯಾಗಿ ಚಹಾ ತರಿಸಿದೆ. 2013ರಲ್ಲಿ ಜಪಾನಿನವರು ನಾನ್ಕಾಯ್ ಕಡಲಲ್ಲಿ ಆರು ದಿನ ಗ್ಯಾಸು ತೆಗೆದರು, ಬಾವಿಯೊಳಗೆ ಮರಳು ನುಗ್ಗಿ ನಿಲ್ಲಿಸಬೇಕಾಯಿತು ಅಂದೆ.

"ಕೇಸಿಂಗ್ ಸರಿಯಾಗಿ ಇಳಿಸಿರಲಿಲ್ವೇನೋ" ಅಂದರು.