ಇಡೀ ದಿನ ತಲೆ ಮುಚ್ಕೊಳ್ಳೋ ಕ್ರೈಸ್ತ ಹೆಣ್ಮಗಳಿಗೆ ಪುಣೆ, ಮುಂಬೈ, ಗೋವಾದಲ್ಲಿ ಸಭೆ ಎಲ್ಲಿ ಸಿಗುತ್ತೆ?

ಪ್ರಶ್ನೆ: ಅಕ್ಕ, ನಾನು ಧಾರವಾಡ ಕಡೆಯವಳು, ಕೆಲಸಕ್ಕೆ ಪುಣೆಗೆ ಬಂದಿದೀನಿ. ವಾಕ್ಯ ಓದ್ತಾ ಓದ್ತಾ ಮನಸ್ಸಿಗೆ ನಾಟಿ ಇಡೀ ದಿನ ತಲೆ ಮುಚ್ಕೊಳ್ಳೋಕೆ ಶುರು ಮಾಡ್ದೆ, ಒಡವೆ ಬಿಟ್ಟೆ, ಸಾದಾ ಬಟ್ಟೆ ಹಾಕ್ತೀನಿ. ಇಲ್ಲಿ ನನ್ನ ಥರದವರು ಒಬ್ಬರೂ ಕಾಣಿಸ್ತಿಲ್ಲ. ನನಗೆ ಅನ್ಯೋನ್ಯತೆ ಎಲ್ಲಿ ಸಿಗುತ್ತೆ?

ಉತ್ತರ: ಇದೇ ಪ್ರಶ್ನೆ ನವಿ ಮುಂಬೈಯಿಂದ, ವಾಸ್ಕೋದಿಂದ, ಪಿಂಪ್ರಿಯಿಂದ ಬೇರೆ ಬೇರೆ ಮಾತಲ್ಲಿ ಬರ್ತಾನೇ ಇರುತ್ತೆ, ಕೇಳೋರೆಲ್ಲಾ ಹೆಚ್ಚು ಕಮ್ಮಿ ನಿಮ್ಮ ವಯಸ್ಸಿನವರೇ, ಮನೆಯಿಂದ ದೂರ ಬಂದವರು. ಮೊದಲು ಒಂದು ಮಾತು ಹೇಳಿಬಿಡ್ತೀನಿ ಸಮಾಧಾನ ಆಗ್ಲಿ ಅಂತ, ತಲೆ ಮುಚ್ಕೊಂಡು ದೇವರ ಮುಂದೆ ನಿಲ್ಲೋ ಹೆಂಗಸರು ಈ ಮೂರೂ ಕಡೆ ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಕಣ್ಣಿಗೆ ಬೀಳ್ತಿಲ್ಲ ಯಾಕಂದ್ರೆ ನೀವು ಫೋನಲ್ಲಿ ನೋಡಿರೋ ಫೋಟೋಗಳ ಥರದವರನ್ನ ಹುಡುಕ್ತಿದೀರಿ.

ಆ ಫೋಟೋಗಳಲ್ಲಿರೋರು ಹೆಚ್ಚಾಗಿ ಅಮೆರಿಕದ ಆಮಿಶ್, ಮೆನೊನೈಟ್ ಜನ. 1525ರಲ್ಲಿ ಜ್ಯೂರಿಕ್‌ನಲ್ಲಿ ದೊಡ್ಡವರಾದ ಮೇಲೆ ನಂಬಿ ದೀಕ್ಷಾಸ್ನಾನ ತಗೊಳ್ಳೋದೇ ಸರಿ ಅಂತ ಎದ್ದ ಅನಾಬ್ಯಾಪ್ಟಿಸ್ಟ್ ಚಳವಳಿಯಿಂದ ಬಂದವರು, ಮೆನೊ ಸೈಮನ್ಸ್ ಹೆಸರಿಂದ ಮೆನೊನೈಟ್, 1693ರಲ್ಲಿ ಯಾಕೋಬ್ ಅಮ್ಮಾನ್ ಹಿಂದೆ ಬೇರೆ ಆದವರು ಆಮಿಶ್. ಬಿಳಿ ಟೋಪಿ, ಒಂದೇ ಬಣ್ಣದ ಉದ್ದ ಗೌನು ಎಲ್ಲಾ ಅವರ ಊರಿನ ಹಳೇ ರೈತಾಪಿ ಉಡುಪಿನಿಂದ ಉಳ್ಕೊಂಡಿದ್ದು. ಮೆನೊನೈಟ್ ಮಿಷನರಿಗಳು 1899ರಲ್ಲೇ ಬರಗಾಲದ ಹೊತ್ತಲ್ಲಿ ಛತ್ತೀಸ್‌ಗಢದ ಧಮ್ತರಿಗೆ ಬಂದ್ರು, ಅಲ್ಲಿ ಇವತ್ತಿಗೂ ಮೆನೊನೈಟ್ ಸಭೆಗಳಿವೆ, ಆದ್ರೆ ಅಲ್ಲಿನ ಹೆಂಗಸರು ಉಡೋದು ಸೀರೆ, ಪ್ರಾರ್ಥನೆಗೆ ಸೆರಗು ತಲೆ ಮೇಲೆ. ಅಂದ್ಮೇಲೆ ಪುಣೆಯಲ್ಲಿ ಗೌನು-ಟೋಪಿ ಹುಡುಕಿದ್ರೆ ಸಿಗೋದಿಲ್ಲ, ಸಿಗಬೇಕಾಗೂ ಇಲ್ಲ.

ಇಲ್ಲಿ ಸಿಗೋದು ಏನು ಅಂತ ಹೇಳ್ತೀನಿ. ಎಲ್ಲಕ್ಕಿಂತ ಮೊದಲು ನಾನು ಕಳಿಸೋದು ಬ್ರದರನ್ ಸಭೆಗಳಿಗೆ. ಆಂಟನಿ ನಾರಿಸ್ ಗ್ರೋವ್ಸ್ ಅನ್ನೋರು 1833ರಲ್ಲಿ ಬಾಂಬೆಗೆ ಬಂದಾಗಿಂದ ಭಾರತದಲ್ಲಿ ಈ ಸಭೆಗಳ ಬೇರು ಇದೆ, ಪಾಸ್ಟರ್ ಅಂತ ಸಂಬಳದ ಒಬ್ಬರು ಇರಲ್ಲ, ಹಿರಿಯರು ನಡೆಸ್ತಾರೆ, ಪ್ರತಿ ಭಾನುವಾರ ರೊಟ್ಟಿ ಮುರಿಯೋ ಕೂಟ, ಅಂದ್ರೆ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚ್ಕೊಳ್ಳೋ ಕರ್ತನ ಭೋಜನ ಇರುತ್ತೆ, ಕೂಟಕ್ಕೆ ಬಂದ ಸಹೋದರಿಯರೆಲ್ಲಾ ತಲೆ ಮುಚ್ಕೊಂಡೇ ಕೂರ್ತಾರೆ. ಮಹಾರಾಷ್ಟ್ರದ ಊರುಗಳಲ್ಲಿ ಇವರಲ್ಲಿ ಮಲಯಾಳಿಗಳು ಜಾಸ್ತಿ, ಆದ್ರೂ ಹಿಂದಿ, ಇಂಗ್ಲಿಷ್ ನಡೆಯುತ್ತೆ. ಇದರ ಪಕ್ಕದಲ್ಲೇ ನಿಲ್ಲೋದು ಬ್ರದರ್ ಭಕ್ತ ಸಿಂಗ್ ಅವರಿಂದ ಶುರುವಾದ ಸಭೆಗಳು, 1941ರಲ್ಲಿ ಮದ್ರಾಸಲ್ಲಿ ಆರಂಭ, ಆಮೇಲೆ ಹೈದರಾಬಾದಿನ ಹೆಬ್ರೋನ್ ದೊಡ್ಡ ಕೇಂದ್ರ ಆಯ್ತು. ಚಾಪೆ ಮೇಲೆ ನೆಲದಲ್ಲೇ ಕೂರೋದು, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ, ಆರಾಧನೆ ಗಂಟೆಗಟ್ಟಲೆ, ಮುಗಿದ ಮೇಲೆ ಎಲ್ರೂ ಸೇರಿ ಊಟ. ಆ ಊಟದಲ್ಲೇ ಪರಿಚಯ ಆಗೋದು, ಊಟ ಬಿಟ್ಟು ಬೇಗ ಓಡಬೇಡಿ.

ಟಿಪಿಎಂ ಅಂತ ಕರೆಯೋ ಪೆಂಟೆಕೋಸ್ಟಲ್ ಮಿಷನ್ನೂ ಇದೆ, ಕೇಂದ್ರ ಚೆನ್ನೈ ಹತ್ರ ಇರುಂಬುಲಿಯೂರಲ್ಲಿ. ಬಿಳಿ ಬಟ್ಟೆ, ಒಡವೆ ಇಲ್ಲ, ತಲೆ ಮುಸುಕು, ಹೊರಗಿಂದ ನೋಡಿದ್ರೆ ನಿಮಗೆ ಇದೇ ನಮ್ಮನೆ ಅನ್ನಿಸಬಹುದು. ಆದ್ರೆ ಅವರ ಸೇವಕರು ಮದುವೆ ಆಗದೆ ಒಟ್ಟಾಗಿ ಬದುಕ್ತಾರೆ, ದೈವಿಕ ಸ್ವಸ್ಥತೆ, ಅಂದ್ರೆ ಪ್ರಾರ್ಥನೆಯಿಂದ ದೇವರೇ ಕಾಯಿಲೆ ವಾಸಿ ಮಾಡ್ತಾನೆ ಅನ್ನೋದರ ಬಗ್ಗೆ ಬೋಧನೆ ಬಹಳ ಗಟ್ಟಿ, ಅದನ್ನೆಲ್ಲಾ ಕೂತು ಕೇಳಿ ತಿಳ್ಕೊಂಡು ಆಮೇಲೆ ನಿರ್ಧಾರ ಮಾಡಿ. ಕೇರಳ ಮೂಲದ ಬೇರೆ ಪೆಂಟೆಕೋಸ್ಟಲ್ ಸಭೆಗಳಲ್ಲೂ ಒಡವೆ ಹಾಕದಿರೋದು ತುಂಬಾ ಹಳೇ ರೂಢಿ, ಹಾಗಾಗಿ ನಿಮ್ಮ ಬರಿಗೈ ನೋಡಿ ಅಲ್ಲಿ ಯಾರೂ ಹುಬ್ಬೇರಿಸಲ್ಲ.

ಇನ್ನು ಆರ್ಥಡಾಕ್ಸ್, ಮಾರ್ ತೋಮಾ, ಸಿರೋ ಮಲಬಾರ್ ಸಭೆಗಳಲ್ಲಿ ಹೆಂಗಸರು ಆರಾಧನೆಗೆ ಸೆರಗೋ ದುಪಟ್ಟಾನೋ ತಲೆ ಮೇಲೆ ಎಳ್ಕೊಳ್ಳೋದು ಇವತ್ತಿಗೂ ಇದೆ. ರೋಮನ್ ಕಥೋಲಿಕರಲ್ಲಿ 1917ರ ಚರ್ಚ್ ಕಾನೂನು ಸಂಹಿತೆ ಹೆಂಗಸರು ಚರ್ಚಲ್ಲಿ ತಲೆ ಮುಚ್ಕೋಬೇಕು ಅಂತ ಬರೆದಿತ್ತು, 1983ರ ಹೊಸ ಸಂಹಿತೆಯಲ್ಲಿ ಆ ನಿಯಮ ಇಲ್ಲ, ಅದಕ್ಕೂ ಮೊದಲೇ ರೂಢಿ ಸಡಿಲ ಆಗಿಹೋಗಿತ್ತು. ಗೋವಾದಲ್ಲಿ ವಯಸ್ಸಾದ ಅಜ್ಜಿಯಂದಿರನ್ನ ಕೇಳಿ ನೋಡಿ, ತಲೆ ಮುಚ್ಚದೆ ಪೂಜೆಗೆ ಹೋಗ್ತಿರ್ಲಿಲ್ಲ ಅಂತ ಅವರೇ ಹೇಳ್ತಾರೆ.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ಇಷ್ಟು ಸಭೆಗಳಲ್ಲಿ ಮುಸುಕು ಇದ್ರೂ ಎಲ್ರೂ ಒಂದೇ ಕಾರಣಕ್ಕೆ ಹಾಕಲ್ಲ. 1 ಕೊರಿಂಥದ 11ನೇ ಅಧ್ಯಾಯದಲ್ಲಿ ಪೌಲ ಹೇಳೋದು ಪ್ರಾರ್ಥನೆ ಮಾಡೋವಾಗ, ಪ್ರವಾದಿಸೋವಾಗ ಅಂತ. ಅದಕ್ಕೇ ಬಹಳಷ್ಟು ಸಭೆಗಳಲ್ಲಿ ಕೂಟದ ಹೊತ್ತಿಗೆ ಮಾತ್ರ ಮುಸುಕು. ಎಡೆಬಿಡದೆ ಪ್ರಾರ್ಥಿಸಿರಿ ಅನ್ನೋ 1 ಥೆಸಲೊನೀಕದ 5:17 ಹಿಡ್ಕೊಂಡು ಇಡೀ ದಿನ ಹಾಕೋರು ನಾವು ಕಮ್ಮಿ ಜನ. ಅದೇ 1 ಕೊರಿಂಥ 11ರ 15ನೇ ವಚನದಲ್ಲಿ ಕೂದಲೇ ಮುಸುಕಿಗೆ ಬದಲಾಗಿ ಕೊಡಲ್ಪಟ್ಟಿದೆ ಅಂತಿದೆಯಲ್ಲ, ಬಟ್ಟೆ ಯಾಕೆ ಅನ್ನೋರೂ ನಿಷ್ಠೆಯಿಂದಲೇ ಹಾಗೆ ಓದ್ತಾರೆ. ಈ ವಾದ ಹೊಸದೂ ಅಲ್ಲ, ಕ್ರಿ.ಶ. 200ರ ಸುಮಾರಿಗೆ ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಮದುವೆ ಆಗದ ಹುಡುಗಿಯರೂ ತಲೆ ಮುಚ್ಕೋಬೇಕಾ ಬೇಡ್ವಾ ಅಂತ ಉದ್ದಕ್ಕೆ ವಾದ ಮಾಡಿದಾನೆ. ಹಾಗಾಗಿ ಹೊಸ ಸಭೆಗೆ ಹೋದಾಗ ಎಷ್ಟು ತಲೆ ಮುಚ್ಚಿದೆ ಅಂತ ಎಣಿಸೋಕೆ ಹೋಗಬೇಡಿ, ಕ್ರಿಸ್ತನ ಬಗ್ಗೆ ಏನು ಬೋಧಿಸ್ತಾರೆ, ಕರ್ತನ ಭೋಜನ ಹೇಗೆ ನಡೆಸ್ತಾರೆ, ಬಡವರ ಜೊತೆ ಹೇಗಿದ್ದಾರೆ, ಇದನ್ನ ಮೊದಲು ನೋಡಿ. ಮುಸುಕಿನ ವಿಚಾರ ಪಾಸ್ಟರನ್ನ ಕೇಳೋದಕ್ಕಿಂತ ಅಲ್ಲಿನ ಒಬ್ಬ ಹಿರಿಯ ತಾಯಿಯನ್ನ ಕೇಳಿ, ಯಾಕೆ ಹಾಕ್ತೀರಿ ಅಮ್ಮ ಅಂತ. ಆ ಉತ್ತರದಲ್ಲಿ ಆ ಸಭೆಯ ಅರ್ಧ ಮನಸ್ಸು ನಿಮಗೆ ಗೊತ್ತಾಗಿಬಿಡುತ್ತೆ.

ಸಾದಾ ಉಡುಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಮ್ಮ ಜನರ ನಡುವೆ ಮುಸುಕಿಗಿಂತ ಇದೇ ಕಷ್ಟ. ತಲೆ ಮೇಲೆ ಸೆರಗು ನಮ್ಮ ಕಡೆ ಹೊಸದಲ್ಲ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಯಾವ ಜಾತಿ ಧರ್ಮ ಆದ್ರೂ ಹಿರಿಯರ ಮುಂದೆ ತಲೆ ಮೇಲೆ ಸೆರಗು ಇದ್ದೇ ಇರುತ್ತೆ, ಮರಾಠಿಯವರು ಪದರ್ ಅಂತಾರೆ, ಅದೇ ಪದ್ಧತಿ. ಆದ್ರೆ ಕೈಯಲ್ಲಿ ಬಳೆ ಇಲ್ಲ, ಕತ್ತಲ್ಲಿ ಏನೂ ಇಲ್ಲ, ಕಿವಿಯಲ್ಲಿ ಓಲೆ ಇಲ್ಲ, ಮೇಲೆ ಬಿಳಿಯೋ ಬೂದಿಯೋ ಬಣ್ಣದ ಬಟ್ಟೆ ಅಂದ್ರೆ ನಮ್ಮ ಅಮ್ಮಂದಿರಿಗೆ, ಅತ್ತೆಯಂದಿರಿಗೆ ಕಾಣೋದು ಒಂದೇ, ವಿಧವೆ. ಬರಿಗೈಲಿ ಇರಬೇಡ್ವೇ ಅಂತ ಅಳೋರಿದ್ದಾರೆ, ಅವರು ಕ್ರೈಸ್ತರೇ ಆದ್ರೂ. ಅಮೆರಿಕದ ಹುಡುಗಿ ಬೂದಿ ಬಣ್ಣದ ಗೌನು ಹಾಕಿದ್ರೆ ಅವಳ ಊರಲ್ಲಿ ಇವಳು ದೇವರಿಗಾಗಿ ಸರಳವಾಗಿ ಬದುಕ್ತಾಳೆ ಅಂತ ಅರ್ಥ ಆಗುತ್ತೆ, ನಮ್ಮ ಮನೆಗಳಲ್ಲಿ ಅದೇ ಬಟ್ಟೆ ಇವಳಿಗೆ ಏನೋ ಕೆಟ್ಟದ್ದಾಗಿದೆ ಅಂತ ಹೇಳುತ್ತೆ.

1 ತಿಮೊಥೆಯ 2:9, 1 ಪೇತ್ರ 3:3 ಎರಡೂ ಕಡೆ ಬೈತಿರೋದು ಚಿನ್ನ, ಬೆಲೆಬಾಳೋ ವಸ್ತ್ರದ ಮೆರವಣಿಗೆಯನ್ನ. ಬಣ್ಣವನ್ನ ಬೈದಿಲ್ಲ. ನಾನು ಯಾವಾಗ್ಲೂ ಹೇಳೋದು ಇದನ್ನೇ, ಬಿಳಿಯೇ ಆಗಬೇಕು ಅಂತಿಲ್ಲ, ಕಡು ಹಸಿರು, ಇಟ್ಟಿಗೆ ಬಣ್ಣ, ನೀಲಿ ಇಳಕಲ್ ಕೈಮಗ್ಗದ ಹತ್ತಿ ಸೀರೆ ಉಟ್ಟು ಸೆರಗು ತಲೆ ಮೇಲೆ ಹಾಕ್ಕೊಂಡ್ರೆ ಅದಕ್ಕಿಂತ ಸಾದಾ, ಅದಕ್ಕಿಂತ ಗೌರವದ ಉಡುಪು ಇನ್ನೊಂದು ಬೇಕಾ? ತಾಯಿ ಮನಸ್ಸು ನೋಯಿಸದೆ ಇರೋಕೆ ಎರಡು ಗಾಜಿನ ಬಳೆ ಹಾಕ್ಕೊಂಡ್ರೆ ನಿಮ್ಮ ಸಾಕ್ಷಿ ಹಾಳಾಗಲ್ಲ ಅಂತ ನನ್ನ ಅಭಿಪ್ರಾಯ, ಒಪ್ಪದೋರು ಇದ್ದಾರೆ, ಅವರನ್ನೂ ನಾನು ಪ್ರೀತಿಸ್ತೀನಿ. ಮದುವೆಯಾದವರಿಗೆ ತಾಳಿ ವಿಚಾರ ಇನ್ನೂ ಸೂಕ್ಷ್ಮ, ಅದನ್ನ ಗಂಡನ ಜೊತೆ ಪ್ರಾರ್ಥನೆ ಮಾಡಿ ನಿರ್ಧರಿಸಿ, ಸಭೆಯ ಒತ್ತಡಕ್ಕೆ ಒಂದೇ ದಿನದಲ್ಲಿ ಬಿಚ್ಚಿ ಇಡಬೇಡಿ.

ಪುಣೆಯಲ್ಲಿ ಇರೋರು ಪಂಡಿತಾ ರಮಾಬಾಯಿ ಬಗ್ಗೆ ತಿಳ್ಕೊಳ್ಳಿ. 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಚಿಕ್ಕ ವಯಸ್ಸಿಗೇ ಗಂಡನನ್ನ ಕಳ್ಕೊಂಡ್ರು, 1883ರಲ್ಲಿ ಇಂಗ್ಲೆಂಡಲ್ಲಿ ದೀಕ್ಷಾಸ್ನಾನ ಆಯ್ತು, ಅಲ್ಲಿಂದ ಬಂದ್ಮೇಲೂ ಗೌನು ಹಾಕ್ಲಿಲ್ಲ, ಬಿಳಿ ಸೀರೆಯಲ್ಲೇ ಉಳಿದ್ರು, ಸಸ್ಯಾಹಾರ ಬಿಡ್ಲಿಲ್ಲ. ವಿಧವೆಯರ ಗುರುತು ಅಂತ ಜನ ಹೆದರೋ ಆ ಬಟ್ಟೆಯಲ್ಲೇ ನೂರಾರು ಹೆಣ್ಮಕ್ಕಳಿಗೆ ತಾಯಿ ಆದ್ರು. ಪುಣೆ-ದೌಂಡ್ ಲೈನಲ್ಲಿ ಕೇಡ್‌ಗಾಂವ್ ಸ್ಟೇಷನ್ ಇದೆಯಲ್ಲ, ಅವರ ಮುಕ್ತಿ ಮಿಷನ್ ಅಲ್ಲೇ, ಇವತ್ತಿಗೂ ನಡೀತಿದೆ. ಭಾರತದ ಮಣ್ಣಲ್ಲಿ ಸಾದಾ ಕ್ರೈಸ್ತ ಉಡುಪು ಅಂದ್ರೆ ಹೇಗಿರುತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಅವರ ಫೋಟೋ ತೋರಿಸ್ತೀನಿ.

ದಿನನಿತ್ಯದ ಮಾತು. ಪುಣೆಯಲ್ಲಿ ಸ್ಕೂಟಿ ಓಡಿಸೋ ಹುಡುಗಿಯರೆಲ್ಲಾ ಧೂಳು ಬಿಸಿಲಿಗೆ ಸ್ಕಾರ್ಫ್ ಸುತ್ಕೊಂಡೇ ಇರ್ತಾರೆ, ಹಾಗಾಗಿ ರಸ್ತೆಯಲ್ಲಿ ನಿಮ್ಮನ್ನ ಯಾರೂ ಗಮನಿಸಲ್ಲ, ಆಫೀಸ್ ಒಳಗೆ ಬಂದ್ಮೇಲೂ ತೆಗೀದೆ ಇದ್ದಾಗ ಪ್ರಶ್ನೆ ಶುರು. ಮುಂಬೈ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಮುಸ್ಲಿಮರಾ ಅಂತ ಕೇಳ್ತಾರೆ, ಕೆಲವರು ಸಿಸ್ಟರ್ ಅಂತ ಸೀಟು ಬಿಡ್ತಾರೆ. 2022ರಲ್ಲಿ ಉಡುಪಿಯಿಂದ ಶುರುವಾದ ಹಿಜಾಬ್ ಗಲಾಟೆ ಆದ್ಮೇಲೆ ಕನ್ನಡದವರು ಇನ್ನೂ ಜಾಸ್ತಿ ಕೇಳ್ತಾರೆ. ಕೋಪ ಮಾಡ್ಕೋಬೇಡಿ, ನಾನು ಕ್ರೈಸ್ತಳು, ಪ್ರಾರ್ಥನೆಗಾಗಿ ಹಾಕ್ತೀನಿ ಅಂತ ಒಂದೇ ವಾಕ್ಯ ಹೇಳಿ ಸುಮ್ನಾಗಿ, ಅಯ್ಯೋ ನಾನು ಮುಸ್ಲಿಂ ಅಲ್ಲಪ್ಪ ಅಂತ ಅವಮಾನ ಆದ ಹಾಗೆ ಹೇಳಬೇಡಿ, ಪಕ್ಕದಲ್ಲೇ ಬುರ್ಖಾ ಹಾಕ್ಕೊಂಡಿರೋ ಅಕ್ಕ ಕೇಳಿಸ್ಕೊಳ್ತಿರ್ತಾರೆ. ಬಟ್ಟೆಗೆ ಪುಣೆಯವರಿಗೆ ತುಳಶಿಬಾಗ್, ಮುಂಬೈಯವರಿಗೆ ಹಿಂದ್‌ಮಾತಾ, ಗೋವಾದವರಿಗೆ ಮಾಪ್ಸಾ ಶುಕ್ರವಾರದ ಸಂತೆ ಸಾಕು. ಮಲ್ಮಲ್ ತಗೊಳ್ಳಿ, ಪಾಲಿಯೆಸ್ಟರ್ ಜಾರುತ್ತೆ.

ಕನ್ನಡ ಆರಾಧನೆ ಬಿಡಬೇಡಿ ಅಂತ ಬೇರೆಯಾಗಿ ಕೇಳ್ಕೊತೀನಿ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥಡಿಸ್ಟ್ ಜನ ಹುಬ್ಬಳ್ಳಿ, ಬೀದರ್, ಕಲಬುರಗಿ, ಮಂಗಳೂರು ಕಡೆಯಿಂದ ಬಂದು ಈ ಊರುಗಳಲ್ಲಿ ನೆಲೆಸಿದ್ದಾರೆ, ಬೇರೆ ಭಾಷೆಯವರ ಚರ್ಚ್ ಕಟ್ಟಡದಲ್ಲೇ ಮಧ್ಯಾಹ್ನವೋ ಸಂಜೆಯೋ ಕನ್ನಡ ಆರಾಧನೆ ಮಾಡೋರೂ ಇದ್ದಾರೆ. ವಾಸ್ಕೋದ ಬೈನಾ, ಝುವಾರಿನಗರ ಕಡೆ ವಿಜಯಪುರ, ಬಾಗಲಕೋಟೆ, ಗದಗದಿಂದ ಬಂದ ಕೆಲಸಗಾರರು ಜಾಸ್ತಿ, ಅಲ್ಲಿ ಮನೆಗಳಲ್ಲೇ ಸೇರೋ ಪ್ರಾರ್ಥನೆ ಕೂಟಗಳನ್ನ ವಿಚಾರಿಸಿ. ಇಂಥ ಕಡೆ ನಿಮ್ಮ ಹಾಗೆ ಇಡೀ ದಿನ ಮುಸುಕು ಹಾಕೋರು ನೀವೊಬ್ಬರೇ ಇರಬಹುದು. ಇರಲಿ. ಕಾಯಿಲೆ ಬಿದ್ದಾಗ ಗಂಜಿ ತಂದು ಕೊಡೋದು, ನಿಮ್ಮ ಭಾಷೆಯಲ್ಲೇ ಜೊತೆಗೆ ಅತ್ತು ಪ್ರಾರ್ಥನೆ ಮಾಡೋದು ಆ ಜನ. ಮುಸುಕು ಹಾಕೋ ಇನ್ನೊಬ್ಬ ಸಹೋದರಿ ಬೇರೆ ಸಭೆಯಲ್ಲಿ ಸಿಕ್ಕಿದ್ರೆ ವಾರದ ಮಧ್ಯೆ ಫೋನಲ್ಲಿ ಒಟ್ಟಿಗೆ ಪ್ರಾರ್ಥನೆ ಮಾಡಿ, ಎರಡೂ ಒಂದೇ ಸೂರಿನ ಕೆಳಗೆ ಸಿಗಲೇಬೇಕು ಅಂತ ಹಟ ಹಿಡಿದ್ರೆ ಎರಡೂ ತಪ್ಪಿ ಹೋಗುತ್ತೆ. ಮುಂಬೈಯವರಿಗೆ ಇನ್ನೊಂದು, ಹತ್ತಿರದ ಸಭೆ ಆರಿಸ್ಕೊಳ್ಳಿ, ಭಾನುವಾರ ಅಂದ್ರೆ ಮೆಗಾಬ್ಲಾಕ್, ಹಳಿ ರಿಪೇರಿಗೆ ಲೋಕಲ್ ರೈಲು ನಿಲ್ಲಿಸ್ತಾರೆ, ಕಲ್ಯಾಣದಿಂದ ಬಾಂದ್ರಾಕ್ಕೆ ಆರಾಧನೆಗೆ ಹೋಗ್ತೀನಿ ಅಂತ ಶುರು ಮಾಡಿದವರು ಮಳೆಗಾಲ ಬಂದ್ರೆ ಮನೆಯಲ್ಲೇ ಉಳೀತಾರೆ.

ಎಚ್ಚರಿಕೆ ಒಂದಿದೆ. ನಿಮ್ಮ ಮುಸುಕು ನೋಡಿ ತುಂಬಾ ಸಂತೋಷಪಟ್ಟು, ಬೇರೆ ಸಭೆಯವರೆಲ್ಲಾ ಲೋಕದವರು, ಮನೆಯವರ ಜೊತೆ ಮಾತು ಕಮ್ಮಿ ಮಾಡು, ಸಂಬಳ ಎಷ್ಟು, ಮದುವೆ ನಾವೇ ಗೊತ್ತು ಮಾಡ್ತೀವಿ ಅಂತ ಬೇಗ ಬೇಗ ಶುರು ಮಾಡೋ ಗುಂಪು ಇದ್ರೆ ಅಲ್ಲಿಂದ ಎದ್ದು ಬನ್ನಿ. ಒಂಟಿ ಹುಡುಗಿ, ಪರಊರು, ಸ್ನೇಹಕ್ಕೆ ಹಸಿದಿರ್ತಾಳೆ ಅಂತ ಅವರಿಗೆ ಗೊತ್ತಿರುತ್ತೆ.

ಕೊನೇದಾಗಿ, ಧಾರವಾಡಕ್ಕೆ ಮುಂದಿನ ಸಲ ಹೋದಾಗ ನಿಮ್ಮ ಹಳೇ ಸಭೆಯ ಹಿರಿಯರಿಂದ ಒಂದು ಪರಿಚಯ ಪತ್ರ ಬರೆಸ್ಕೊಂಡು ಬನ್ನಿ, ದೀಕ್ಷಾಸ್ನಾನ ಆಗಿದೆ, ನಮ್ಮ ಅನ್ಯೋನ್ಯತೆಯಲ್ಲಿ ಇದ್ದವಳು ಅಂತ ನಾಲ್ಕು ಸಾಲು ಸಾಕು. ಬ್ರದರನ್ ಸಭೆಗಳಲ್ಲಿ ಈ ಪತ್ರ ಇಲ್ಲದಿದ್ರೆ ಮೊದಲ ಭಾನುವಾರ ಹಿಂದೆ ಕೂರಿಸ್ತಾರೆ, ರೊಟ್ಟಿ ದ್ರಾಕ್ಷಾರಸ ಕೊಡದೆ ಇರಬಹುದು. ಗೊತ್ತಿಲ್ಲದೆ ಹೋದವರು ನಮ್ಮನ್ನ ತಳ್ಳಿಬಿಟ್ರು ಅಂತ ನೊಂದ್ಕೊಂಡು ಮತ್ತೆ ಹೋಗೋದೇ ಇಲ್ಲ. ಪತ್ರ ಕೊಟ್ರೆ ಎದ್ದು ನಿಂತು ಎಲ್ರ ಮುಂದೆ ಓದಿ ಹೆಸರು ಹೇಳಿ ಸ್ವಾಗತ ಮಾಡೋ ಸಭೆಗಳೂ ಇವೆ. ಹಿರಿಯರ ಫೋನ್ ನಂಬರ್ ಸಹ ಆ ಪತ್ರದಲ್ಲೇ ಇರಲಿ, ಇಲ್ಲಿನವರು ಫೋನ್ ಮಾಡಿ ವಿಚಾರಿಸ್ತಾರೆ.