ಬಿಟ್ ಮಗುಚಿದರೂ ಪ್ರೊಸೆಸರ್ ಓಡಬೇಕು: ಎಫ್‌ಪಿಜಿಎ ಮೆಮೊರಿ ಟಿಪ್ಪಣಿ

ಎಫ್‌ಪಿಜಿಎ ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬೇಕಾದಂತೆ ರಚಿಸಿಕೊಳ್ಳಬಹುದಾದ ಚಿಪ್. ಅದರೊಳಗೆ ಕಟ್ಟಿದ ಪ್ರೊಸೆಸರ್ ಉಪಗ್ರಹದಲ್ಲಿದೆ ಅಂದುಕೊಳ್ಳಿ. ಹಾದುಹೋಗುವ ವಿಕಿರಣದ ಒಂದೇ ಒಂದು ಕಣ ಸಾಕು, ಮೆಮೊರಿಯ ಸೊನ್ನೆ ಒಂದಾಗಿಬಿಡುತ್ತದೆ. ಚಿಪ್ ಸುಡುವುದಿಲ್ಲ, ಮತ್ತೆ ಬರೆದರೆ ಸರಿಹೋಗುತ್ತದೆ. ಆದರೆ ತಪ್ಪಾಗಿದೆ ಅಂತ ಮೊದಲು ಗೊತ್ತಾಗಬೇಕಲ್ಲ!

ಮೆಮೊರಿ ಆರಿಸುವಾಗ ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ ಮಾಹಿತಿಯ ಸರಿಯಾದ ಪ್ರತಿ ಬೇರೆಲ್ಲಾದರೂ ಇದೆಯೇ?

ಕ್ಯಾಶ್, ಅಂದರೆ ಪ್ರೊಸೆಸರ್ ಪಕ್ಕದ ವೇಗದ ಪುಟ್ಟ ಮೆಮೊರಿಯಲ್ಲಿರುವುದಕ್ಕೆ ಇದೆ. ಹಾಗಾಗಿ ಬರೀ ಪ್ಯಾರಿಟಿ, ಅಂದರೆ ತಪ್ಪಾಗಿದೆ ಎಂದಷ್ಟೇ ಹೇಳುವ ಹೆಚ್ಚುವರಿ ಬಿಟ್ ಸಾಕು. ಲಿಯಾನ್3-ಎಫ್‌ಟಿ ಪ್ರೊಸೆಸರ್ ಮಾಡುವುದೂ ಇದನ್ನೇ: ಪ್ಯಾರಿಟಿ ತಾಳೆಯಾಗದಿದ್ದರೆ ಆ ಸಾಲು ಕ್ಯಾಶ್‌ನಲ್ಲಿ ಇಲ್ಲವೆಂದೇ ಭಾವಿಸಿ ಮುಖ್ಯ ಮೆಮೊರಿಯಿಂದ ಮತ್ತೆ ತರುತ್ತದೆ. ಬರೆದದ್ದೆಲ್ಲ ಕೂಡಲೇ ಮುಖ್ಯ ಮೆಮೊರಿಗೂ ಹೋಗುವ ರೈಟ್-ಥ್ರೂ ಕ್ಯಾಶ್ ಆದರೆ ಮಾತ್ರ ಈ ಉಪಾಯ ನಡೆಯುತ್ತದೆ.

ಪ್ರೋಗ್ರಾಮ್ ಓಡುವಾಗ ಬಳಸುವ ಸ್ಟ್ಯಾಕ್, ವೇರಿಯಬಲ್‌ಗಳಿಗೆ ಬೇರೆ ಪ್ರತಿ ಇಲ್ಲ. ಇಲ್ಲಿ ಇಸಿಸಿ, ಅಂದರೆ ತಪ್ಪು ತಿದ್ದುವ ಸಂಕೇತ ಬೇಕು. 32 ಬಿಟ್‌ಗೆ 7 ಬಿಟ್ ಹೆಚ್ಚುವರಿ ಕೊಟ್ಟರೆ ಒಂದು ತಪ್ಪನ್ನು ತಿದ್ದಬಹುದು, ಎರಡಾದರೆ ಪತ್ತೆಹಚ್ಚಬಹುದು. ಜೈಲಿಂಕ್ಸ್ 7 ಸರಣಿಯ ಎಫ್‌ಪಿಜಿಎಗಳ ಬ್ಲಾಕ್ ರ್ಯಾಮ್‌ನಲ್ಲಿ (ಚಿಪ್‌ನಲ್ಲೇ ಇರುವ ಮೆಮೊರಿ ತುಂಡುಗಳಲ್ಲಿ) 64 ಬಿಟ್‌ಗೆ 8 ಬಿಟ್‌ನ ಇಸಿಸಿ ಮೊದಲೇ ಇದೆ. ಆದರೆ ಅದು ತಿದ್ದುವುದು ಹೊರಬರುವ ಮಾಹಿತಿಯನ್ನು; ಒಳಗಿನ ಬಿಟ್ ಮಗುಚಿದ ಹಾಗೇ ಉಳಿಯುತ್ತದೆ. ನಾವೇ ತಿರುಗಿ ಬರೆಯಬೇಕು. ಅಪರೂಪಕ್ಕೆ ಓದುವ ವಿಳಾಸಗಳನ್ನೂ ಆಗಾಗ ಓದಿ ತಿದ್ದುತ್ತಿರದಿದ್ದರೆ ಅಲ್ಲೇ ಎರಡನೇ ಬಿಟ್ ಮಗುಚಿ, ತಿದ್ದುವ ದಾರಿಯೇ ಮುಚ್ಚುತ್ತದೆ.

ನನಗೆ ಬೇಗ ತಲೆಗೆ ಹತ್ತದ ಭಾಗ ರಿಜಿಸ್ಟರ್ ಫೈಲ್, ಅಂದರೆ ಪ್ರೊಸೆಸರ್ ಲೆಕ್ಕ ಮಾಡುವಾಗ ಬೆಲೆಗಳನ್ನಿಡುವ ಜಾಗ. ಎಸ್‌ರ್ಯಾಮ್ (ವಿದ್ಯುತ್ ಇರುವವರೆಗೆ ಮಾತ್ರ ಮಾಹಿತಿ ಹಿಡಿಯುವ ಮೆಮೊರಿ) ಆಧಾರಿತ ಎಫ್‌ಪಿಜಿಎಯಲ್ಲಿ ಸರ್ಕ್ಯೂಟಿನ ರಚನೆಯೂ ಮೆಮೊರಿಯಲ್ಲೇ, ಅಂದರೆ ಕಾನ್ಫಿಗರೇಶನ್ ಮೆಮೊರಿಯಲ್ಲೇ ಇರುತ್ತದೆ. ಅದು ಕೆಡದಿರಲೆಂದು ಮೂಲ ಪ್ರತಿಯಿಂದ ಮತ್ತೆ ಮತ್ತೆ ಬರೆಯುತ್ತಾರೆ, ಇದೇ ಸ್ಕ್ರಬ್ಬಿಂಗ್. ಸರ್ಕ್ಯೂಟಿನ ತರ್ಕ ಕಟ್ಟುವ ಕೋಷ್ಟಕಗಳಾದ ಎಲ್‌ಯುಟಿಗಳನ್ನು ಪುಟ್ಟ ರ್ಯಾಮ್ ಆಗಿ ಬಳಸಿದರೆ ಅದರಲ್ಲಿರುವ ಮಾಹಿತಿಯೂ ಅದೇ ಕಾನ್ಫಿಗರೇಶನ್ ಮೆಮೊರಿಯ ಪಾಲು! ಎಚ್ಚರ ತಪ್ಪಿದರೆ ಸ್ಕ್ರಬ್ಬರ್ ಓಡುತ್ತಿರುವ ಪ್ರೋಗ್ರಾಮಿನ ರಿಜಿಸ್ಟರ್‌ಗಳ ಮೇಲೆ ಆರಂಭದ ಬೆಲೆಗಳನ್ನು ಬರೆದುಬಿಡಬಹುದು. ಕಾವಲುಗಾರನೇ ಮನೆ ಕೆಡಿಸಿದ ಹಾಗೆ. ನಮ್ಮ ವಿನ್ಯಾಸವನ್ನು ಸರ್ಕ್ಯೂಟಾಗಿಸುವ ಸಿಂಥೆಸಿಸ್ ಟೂಲ್ ಚಿಕ್ಕ ರಿಜಿಸ್ಟರ್ ಫೈಲನ್ನು ಸದ್ದಿಲ್ಲದೆ ಎಲ್‌ಯುಟಿಗಳಲ್ಲೇ ಇಡಬಹುದು. ವರದಿ ತೆರೆದು ನೋಡಿ, ಬೇಕಾದರೆ ಬ್ಲಾಕ್ ರ್ಯಾಮ್‌ಗೆ ಒತ್ತಾಯಿಸಿ.

ಬೂಟ್ ಪ್ರೋಗ್ರಾಮಿಗೆ ಎಂರ್ಯಾಮ್ ಒಳ್ಳೆಯದು. ಅದರಲ್ಲಿ ಬಿಟ್ ಇರುವುದು ವಿದ್ಯುದಂಶವಾಗಿ ಅಲ್ಲ, ಕಾಂತದ ದಿಕ್ಕಾಗಿ; ಹಾಗಾಗಿ ಕಣ ಅದನ್ನು ಸುಲಭಕ್ಕೆ ಮಗುಚದು. ಸುತ್ತಲಿನ ನಿಯಂತ್ರಣ ಸರ್ಕ್ಯೂಟ್‌ಗೆ ಮಾತ್ರ ಆ ರಕ್ಷಣೆಯಿಲ್ಲ.

ಆರ್‌ಟಿಜಿ4ನಂಥ ಫ್ಲ್ಯಾಶ್ ಆಧಾರಿತ ಎಫ್‌ಪಿಜಿಎ ತೆಗೆದುಕೊಂಡರೆ ಕಾನ್ಫಿಗರೇಶನ್‌ನ ಚಿಂತೆ ಇಲ್ಲ. ಹಾಗಂತ ಇಸಿಸಿ ಬಿಡಬೇಡಿ, ಅದರೊಳಗಿನ ರ್ಯಾಮ್ ಇನ್ನೂ ಎಸ್‌ರ್ಯಾಮ್ಮೇ.